ಹಿರಿಯರ ಒಂಟಿತನ ಮತ್ತು ಗುಡಿಯ ಕಟ್ಟೆ

(ಉತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)



ದೇವಸ್ಥಾನವೆಂದರೆ ಗರ್ಭಗುಡಿ ಮಾತ್ರವಲ್ಲ. ದರ್ಶನ ಮುಗಿಸಿ ಹಿರಿಯರು ಕುಳಿತುಕೊಳ್ಳುವ ಕಟ್ಟೆಯೂ ದೇವಸ್ಥಾನವೇ. ಮಳೆ, ಬೆಳೆ, ಮೊಮ್ಮಕ್ಕಳ ಮದುವೆ, ಮಂಡಿನೋವು, ಮದ್ದಿಕೇರದ ವಿಜಯದಶಮಿಯ ಕುದುರೆ ಓಟ, ಎಲ್ಲ ಮಾತೂ ಅಲ್ಲಿಯೇ. ಆ ಕಟ್ಟೆಯ ಬೆಲೆ ಎಲ್ಲರಿಗೂ ತಿಳಿದದ್ದು 2020ರಲ್ಲಿ.

ಆ ವರ್ಷ ಮಾರ್ಚ್ 22ರಂದು ಜನತಾ ಕರ್ಫ್ಯೂ; 25ರಿಂದ ದೇಶಕ್ಕೆಲ್ಲ ಲಾಕ್‌ಡೌನ್. ಅದೇ 25ರಂದು ಶಾರ್ವರಿ ಸಂವತ್ಸರದ ಯುಗಾದಿ. ಬೇವು ಬೆಲ್ಲ ಹಂಚಿ ಹಿರಿಯರ ಕಾಲಿಗೆ ನಮಸ್ಕರಿಸುವ ದಿನವೇ ಅವರಿಂದ ದೂರ ನಿಲ್ಲಬೇಕಾಯಿತು. ನಿಯಮ ತಪ್ಪೆಂದು ಹೇಳಲಾಗದು. ಕೊರೊನಾ ವಯಸ್ಸಾದವರಿಗೇ ಹೆಚ್ಚು ಅಪಾಯಕಾರಿಯಾಗಿತ್ತು. ಏಪ್ರಿಲ್‌ನಲ್ಲಿ ಆಂಧ್ರದಲ್ಲಿ ಹೆಚ್ಚು ಸೋಂಕು ಕಂಡ ಜಿಲ್ಲೆಗಳಲ್ಲಿ ಕರ್ನೂಲು ಒಂದು. ಜೀವ ಉಳಿಸಲು ಬಾಗಿಲು ಹಾಕಬೇಕಾಯಿತು. ಆದರೆ ಆ ಬಾಗಿಲ ಹಿಂದೆ ಮನಸ್ಸು ಏನಾಯಿತೆಂದು ಕೇಳಿದವರು ಕಡಿಮೆ.

ಈ ಬರದ ಸೀಮೆಯಿಂದ ಪ್ರತಿ ವರ್ಷ ಅನೇಕ ಕುಟುಂಬಗಳು ಗುಂಟೂರು ಕಡೆಗೆ ಹತ್ತಿ, ಮೆಣಸಿನಕಾಯಿ ಬಿಡಿಸಲು ಗುಳೆ ಹೋಗುತ್ತವೆ. ಮನೆ ಕಾಯಲು ಅಜ್ಜ, ಅಜ್ಜಿ ಉಳಿಯುತ್ತಾರೆ. ಆ ವರ್ಷ ಬಸ್ಸು, ರೈಲು ನಿಂತು ದುಡಿಯಲು ಹೋದವರು ಅಲ್ಲಿಯೇ ಸಿಕ್ಕಿಕೊಂಡರು. ಮುದುಕರು ಇಲ್ಲಿ ಹೊಸ್ತಿಲ ಮೇಲೆ ಕುಳಿತು ದಾರಿ ನೋಡಿದರು.

ಅನ್ನಕ್ಕೆ ವ್ಯವಸ್ಥೆಯಿತ್ತು. ರೇಷನ್ ಅಕ್ಕಿ ಸಿಕ್ಕಿತು. ತಿಂಗಳ ಒಂದನೆಯ ತಾರೀಕು ಗ್ರಾಮ ವಾಲಂಟಿಯರ್ ಬಾಗಿಲಿಗೇ ಬಂದು 2,250 ರೂಪಾಯಿ ಪಿಂಚಣಿ ಕೊಟ್ಟು ಮುಂದಿನ ಮನೆಗೆ ಹೋಗುತ್ತಿದ್ದರು. ದೂರದರ್ಶನದಲ್ಲಿ ಮತ್ತೆ ರಾಮಾಯಣ ಬಂದಿತು. ಆದರೆ ಟಿವಿ ಮಾತನಾಡುತ್ತದೆ, ಮಾತು ಕೇಳುವುದಿಲ್ಲ. ಕಿರಾಣಿ ಅಂಗಡಿಗೆ ಹತ್ತು ರೂಪಾಯಿಯ ಚಹಾಪುಡಿಗೆ ಬರುವ ಅಜ್ಜನಿಗೆ ಪುಡಿಗಿಂತ ನಾಲ್ಕು ಮಾತು ಬೇಕಾಗಿರುತ್ತದೆ. ಅಂಗಡಿಯ ಮುಂದೆ ಸುಣ್ಣದ ಗುಂಡುಗೆರೆ ಬಿದ್ದ ಮೇಲೆ ಆ ನಾಲ್ಕು ಮಾತೂ ಹೋದವು.

ಜೂನ್ 8ರಿಂದ ಗುಡಿಗಳನ್ನು ತೆರೆಯಲು ಕೇಂದ್ರ ಸರ್ಕಾರ ಅನುಮತಿ ಕೊಟ್ಟಿತು. ಆದರೆ 65 ವರ್ಷ ದಾಟಿದವರು ಮನೆಯಲ್ಲೇ ಇರಬೇಕೆಂದು ಅದರಲ್ಲೇ ಸೂಚನೆಯಿತ್ತು. ನಿತ್ಯ ಬರುವವರಿಗೇ ಗುಡಿ ದೂರವಾಯಿತು.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೊರೊನಾದ ತುರ್ತು ಪರಿಸ್ಥಿತಿ ಮುಗಿಯಿತೆಂದು ಸಾರಿತು. ಅದೇ ವರ್ಷ ನವೆಂಬರ್‌ನಲ್ಲಿ ಒಂಟಿತನದ ವಿಷಯವಾಗಿ ಒಂದು ಆಯೋಗವನ್ನೇ ರಚಿಸಿತು. ಸಂಗಾತಿಯನ್ನು ಕಳೆದುಕೊಂಡವರು, ಕಾಲು ಬಾರದವರು, ಮಕ್ಕಳು ಪರ ಊರಿನಲ್ಲಿರುವವರು, ಇವರಿಗೆ ಲಾಕ್‌ಡೌನ್ ಇನ್ನೂ ಮುಗಿದಿಲ್ಲ. ಕಟ್ಟೆಯ ಮೇಲೆ ಖಾಲಿಯಾದ ಜಾಗಗಳೆಲ್ಲ ತೀರಿಹೋದವರದಲ್ಲ; ಕೆಲವು, ಕರೆಯುವವರಿಲ್ಲದೆ ಮನೆಯಲ್ಲಿ ಕುಳಿತವರದು.

ಇದಕ್ಕೆ ದೊಡ್ಡ ಖರ್ಚು ಬೇಕಿಲ್ಲ. ಉತ್ಸವದ ಪಟ್ಟಿ ಎತ್ತಲು ಯುವಕರು ಓಣಿ ಹಂಚಿಕೊಂಡು ಹೋಗುತ್ತಾರೆ. ಅದೇ ರೀತಿ ವಾರಕ್ಕೊಮ್ಮೆ, ಗುಡಿಗೆ ಬರಲಾಗದ ಹಿರಿಯರ ಮನೆಗೆ ಪ್ರಸಾದ ಒಯ್ಯಲಿ. ಹೊಸ್ತಿಲಲ್ಲಿ ಕೊಟ್ಟು ತಿರುಗಬಾರದು. ಕಾಲು ಗಂಟೆ ಕುಳಿತು ಅವರ ಮಾತು ಕೇಳಬೇಕು. ಹೇಳಿದ್ದನ್ನೇ ಹೇಳಿದರೂ ಕೇಳಬೇಕು. ನಡೆಯಬಲ್ಲವರನ್ನು ಕೈಹಿಡಿದು ಕಟ್ಟೆಗೆ ಕರೆತರಬೇಕು. ಕಷ್ಟದಲ್ಲಿರುವ ಹಿರಿಯರಿಗಾಗಿ 14567 ಎಂಬ ಉಚಿತ ಸಹಾಯವಾಣಿ ಇದೆ. ಆ ಸಂಖ್ಯೆಯನ್ನು ಅವರ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಬರಲಿ.

ಉತ್ಸವಮೂರ್ತಿ ವರ್ಷಕ್ಕೊಮ್ಮೆ ಗುಡಿ ಬಿಟ್ಟು ಬೀದಿಗೆ ಬರುವುದು ಗುಡಿಗೆ ಬರಲಾಗದವರಿಗೂ ದರ್ಶನವಾಗಲೆಂದು. ಭಕ್ತರೂ ಅದೇ ದಾರಿಯಲ್ಲಿ ನಡೆದರೆ ಉತ್ಸವ ಸಾರ್ಥಕ. ಭಗವಂತನು ಸರ್ವರಿಗೂ ಆಯುರಾರೋಗ್ಯವನ್ನೂ, ಜೊತೆಗೆ ಮಾತಿಗೊಬ್ಬರನ್ನೂ ಕರುಣಿಸಲಿ.