ಗರ್ಭಿಣಿಯ ಮಾತ್ರೆ, ಮಗುವಿನ ಹೃದಯ
(ಮಹಿಳಾ ಸಭೆಯೊಂದರಲ್ಲಿ ನೀಡಿದ ಭಾಷಣದ ಬರಹ ರೂಪ)



ಗರ್ಭಧಾರಣೆಯಾದ ಸುಮಾರು 22ನೆಯ ದಿನಕ್ಕೆ ಭ್ರೂಣದ ಹೃದಯವು ಮಿಡಿಯಲಾರಂಭಿಸುತ್ತದೆ. ಎಂಟು ವಾರಗಳೊಳಗೆ ಅದರ ಕೋಣೆಗಳೂ ನಡುಗೋಡೆಗಳೂ ಬಹುಪಾಲು ರೂಪುಗೊಂಡಿರುತ್ತವೆ. ತಾನು ಗರ್ಭಿಣಿಯೆಂಬುದು ಸ್ತ್ರೀಗೆ ಖಚಿತವಾಗುವ ವೇಳೆಗೆ ಈ ಕಾರ್ಯವು ಸಾಕಷ್ಟು ಮುಂದುವರಿದಿರುತ್ತದೆ. ಆಕೆ ಖಿನ್ನತೆಗೆ ಸೇವಿಸುತ್ತಿದ್ದ ಮಾತ್ರೆಯ ಅಂಶವೂ ಭ್ರೂಣವನ್ನು ತಲುಪಿರುತ್ತದೆ.

ಅಮೇರಿಕದಲ್ಲಿ ಪ್ಯಾಕ್ಸಿಲ್ ಎಂಬ ಹೆಸರಿನಲ್ಲಿ ಮಾರಾಟವಾದ ಪ್ಯಾರೊಕ್ಸೆಟಿನ್ ಇಂತಹದೊಂದು ಮಾತ್ರೆ. 1992ರಲ್ಲಿ ಅದಕ್ಕೆ ಅನುಮತಿ ದೊರೆಯಿತು. 2005ರ ಡಿಸೆಂಬರಿನಲ್ಲಷ್ಟೇ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯು ಎಚ್ಚರಿಕೆ ಹೊರಡಿಸಿತು. ಸ್ವೀಡನ್ನಿನ ದಾಖಲೆಗಳ ಪ್ರಕಾರ, ಗರ್ಭದ ಮೊದಲ ತಿಂಗಳುಗಳಲ್ಲಿ ಇದನ್ನು ಸೇವಿಸಿದವರ ಶಿಶುಗಳಲ್ಲಿ ಹೃದಯದೋಷದ ಪ್ರಮಾಣ ಶೇ. 2ರಷ್ಟಿತ್ತು, ಸಾಮಾನ್ಯವಾಗಿ ಅದು ಶೇ. 1. ಹದಿಮೂರು ವರ್ಷಗಳ ಕಾಲ ಮಾತ್ರೆ ನುಂಗಿದ ತಾಯಂದಿರಿಗೆ ಈ ಲೆಕ್ಕವನ್ನು ಯಾರು ಹೇಳಬೇಕಿತ್ತು?

2009ರ ಅಕ್ಟೋಬರಿನಲ್ಲಿ ಫಿಲಡೆಲ್ಫಿಯಾದ ನ್ಯಾಯಾಲಯವೊಂದರ ಜ್ಯೂರಿಯ ಮುಂದಿದ್ದುದು ಇದೇ ಪ್ರಶ್ನೆ. ಹೃದಯದೋಷದೊಂದಿಗೆ ಜನಿಸಿದ ಬಾಲಕನೊಬ್ಬನ ಕುಟುಂಬವು ತಯಾರಕ ಕಂಪೆನಿ ಗ್ಲಾಕ್ಸೊಸ್ಮಿತ್‌ಕ್ಲೈನ್ ವಿರುದ್ಧ ದಾವೆ ಹೂಡಿತ್ತು. ಕಂಪೆನಿಯು ವೈದ್ಯರಿಗೆ ಸೂಕ್ತ ಎಚ್ಚರಿಕೆ ನೀಡಲಿಲ್ಲವೆಂದು ಜ್ಯೂರಿ ತೀರ್ಮಾನಿಸಿ 25 ಲಕ್ಷ ಡಾಲರ್ ಪರಿಹಾರ ವಿಧಿಸಿತು. ಮರುವರ್ಷ ಇಂತಹ ಸುಮಾರು 800 ದಾವೆಗಳನ್ನು ಕಂಪೆನಿಯು ನೂರು ಕೋಟಿ ಡಾಲರಿಗೂ ಹೆಚ್ಚು ತೆತ್ತು ಮುಗಿಸಿಕೊಂಡಿತೆಂದು ವರದಿಯಾಯಿತು. (ದೊಡ್ಡ ಬಂಡವಾಳಕ್ಕೆ ಪರಿಹಾರಧನವೂ ವ್ಯಾಪಾರದ ಒಂದು ಖರ್ಚು, ಅಷ್ಟೆ.)

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಕಂಪೆನಿಯ ಮೇಲಿನ ಕೋಪ ನ್ಯಾಯವಾದದ್ದೇ. ಆದರೆ ಕೋಪವು ವಿಜ್ಞಾನಕ್ಕೆ ಬದಲಿಯಲ್ಲ. 2014ರಲ್ಲಿ ಅಮೇರಿಕದ ಒಂಬತ್ತೂವರೆ ಲಕ್ಷದಷ್ಟು ಗರ್ಭಿಣಿಯರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು ಪ್ರಕಟವಾಯಿತು. ಮೇಲ್ನೋಟಕ್ಕೆ, ಖಿನ್ನತೆಯ ಮಾತ್ರೆ ಸೇವಿಸದವರ 10,000 ಶಿಶುಗಳಲ್ಲಿ ಸುಮಾರು 72 ಮಂದಿಗೆ, ಸೇವಿಸಿದವರ 10,000 ಶಿಶುಗಳಲ್ಲಿ 90 ಮಂದಿಗೆ ಹೃದಯದೋಷವಿತ್ತು. ಆದರೆ ತಾಯಿಯ ಖಿನ್ನತೆ, ಇತರ ಕಾಯಿಲೆಗಳು ಮೊದಲಾದುವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಈ ಅಂತರವು ಬಹುತೇಕ ಕರಗಿಹೋಯಿತು. 2015ರ ಇನ್ನೊಂದು ಅಧ್ಯಯನವು ಪ್ಯಾರೊಕ್ಸೆಟಿನ್ ಕುರಿತ ಸಂಶಯವನ್ನು ಉಳಿಸಿತು: ಒಂದು ಬಗೆಯ ಹೃದಯದೋಷವು 10,000ಕ್ಕೆ 10ರಿಂದ 24ಕ್ಕೆ ಏರಬಹುದೆಂದಿತು. ಸರ್ಟ್ರಲಿನ್ ಎಂಬ ಮಾತ್ರೆಯ ಬಗ್ಗೆ ಹಿಂದೆ ಕೇಳಿಬಂದಿದ್ದ ದೂರುಗಳು ಅದೇ ಅಧ್ಯಯನದಲ್ಲಿ ದೃಢಪಡಲಿಲ್ಲ. 24 ಎಂದರೂ ಉಳಿದ 9,976 ಶಿಶುಗಳಿಗೆ ಆ ದೋಷವಿಲ್ಲ ಎಂಬುದನ್ನು ಮರೆಯಬಾರದು.

ಈ ಅಂಕಿಗಳನ್ನು ನಾನು ವಿವರಿಸುತ್ತಿರುವುದಕ್ಕೆ ಕಾರಣವಿದೆ. ಇಂತಹ ಸುದ್ದಿ ನಮ್ಮ ಪಟ್ಟಣಗಳ ಮನೆಗಳನ್ನು ತಲುಪಿದಾಗ ಏನಾಗುತ್ತದೆ? ಅತ್ತೆ ಮಾತ್ರೆಯ ಡಬ್ಬಿಯನ್ನು ಎತ್ತಿಡುತ್ತಾಳೆ. ಗಂಡ ಸುಮ್ಮನಾಗುತ್ತಾನೆ. ಸೊಸೆಯ ಖಿನ್ನತೆಗೆ ಸೋಮಾರಿತನವೆಂದೋ ಗಾಳಿ ಸೋಂಕೆಂದೋ ಹೆಸರಿಡಲಾಗುತ್ತದೆ. ಮಾತ್ರೆಯನ್ನು ಹಠಾತ್ತನೆ ನಿಲ್ಲಿಸಿದರೆ ತಲೆಸುತ್ತು, ನಿದ್ರಾಹೀನತೆ, ಕಳವಳಗಳು ಬರಬಹುದು; ರೋಗವೇ ಮರುಕಳಿಸಬಹುದು. ಊಟ ಬಿಟ್ಟ, ನಿದ್ದೆಗೆಟ್ಟ, ಸಾಯುವ ಯೋಚನೆಯಲ್ಲಿರುವ ತಾಯಿಯ ಗರ್ಭವು ಮಗುವಿಗೆ ಸುರಕ್ಷಿತವೆಂದು ಯಾರು ತಾನೇ ಹೇಳಬಲ್ಲರು?

ಇನ್ನೊಂದು ಕಡೆ, ಹಳೆಯ ಚೀಟಿ ತೋರಿಸಿ ಔಷಧಾಲಯದಿಂದ ವರ್ಷಗಟ್ಟಲೆ ಮಾತ್ರೆ ತರುವವರೂ ಇದ್ದಾರೆ. ಮದುವೆ ನಿಶ್ಚಯವಾದಾಗ ಮಾತ್ರೆಯ ವಿಷಯವನ್ನು ಮುಚ್ಚಿಡುವ ತಂದೆ ತಾಯಂದಿರಿದ್ದಾರೆ. ಮುಚ್ಚಿಟ್ಟದ್ದರಿಂದಲೇ ಆ ಹೆಣ್ಣುಮಗಳು ಪ್ರಸೂತಿ ವೈದ್ಯರೊಡನೆಯೂ ಬಾಯಿ ಬಿಡುವುದಿಲ್ಲ. ಮೊದಲೇ ತಿಳಿದರೆ ವೈದ್ಯರು ಗರ್ಭಧಾರಣೆಗೆ ಮುನ್ನವೇ ಔಷಧವನ್ನು ಬದಲಿಸಬಹುದು, ಪ್ರಮಾಣವನ್ನು ಪರಿಶೀಲಿಸಬಹುದು. ರೋಗ ಸೌಮ್ಯವಾಗಿದ್ದರೆ ಆಪ್ತಸಮಾಲೋಚನೆಯೇ ಸಾಕಾಗಬಹುದು. ಐದನೆಯ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಭ್ರೂಣದ ಹೃದಯವನ್ನು ವಿಶೇಷವಾಗಿ ನೋಡಬಹುದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾನಸಿಕ ಅಸ್ವಸ್ಥತೆಯುಳ್ಳ ಬಾಣಂತಿಯನ್ನು ಕೂಸಿನೊಂದಿಗೇ ಇರಿಸಿಕೊಂಡು ಚಿಕಿತ್ಸೆ ನೀಡುವ ಪ್ರತ್ಯೇಕ ವಿಭಾಗವಿದೆ. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ, ಯಾವುದೇ ಶುಲ್ಕವಿಲ್ಲದೆ ಮಾತನಾಡಬಹುದು. ಮಾತ್ರೆಯನ್ನು ನಿಲ್ಲಿಸುವ ನಿರ್ಧಾರಕ್ಕೆ ಮುನ್ನ ಆ ಕರೆಯನ್ನಾದರೂ ಮಾಡಿ; ಮಾಡುವಾಗ ಫೋನನ್ನು ಸೊಸೆಯ ಕೈಗೆ ಕೊಡಿ.