ಬಂದರಿನ ಮಂಜಿನಲ್ಲಿ ಒಂದು ಕಿತ್ತಳೆ ಸೂರ್ಯ



ಚಿತ್ರವೊಂದರ ಬಗ್ಗೆ ರೇಡಿಯೋದಲ್ಲಿ ಮಾತನಾಡಬೇಕೆಂದಾಗ ನನಗೆ ನಗು ಬಂತು. ಕಣ್ಣಿಗೆ ಬಡಿಸಬೇಕಾದದ್ದನ್ನು ಕಿವಿಗೆ ಬಡಿಸುವುದು ಹೇಗೆ? ಆದರೆ ನಾನು ಆರಿಸಿಕೊಂಡಿರುವ ಚಿತ್ರದಲ್ಲಿ ಇರುವುದೇ ಬಹಳ ಕಡಿಮೆ. ನೀಲಿ ಬೆರೆತ ಬೂದು ಮಂಜು. ಅದರೊಳಗೆ ಕರಗಿದಂತಿರುವ ಹಡಗಿನ ಕಂಬಗಳು, ಕ್ರೇನುಗಳು, ಹೊಗೆಕೊಳವೆಗಳು. ಈಚೆ ನೀರಿನ ಮೇಲೆ ಪುಟ್ಟ ದೋಣಿಗಳು. ನಡುವಿಗಿಂತ ತುಸು ಬಲಕ್ಕೆ, ಹಣೆಯ ಬೊಟ್ಟಿನ ಹಾಗೆ, ಕಿತ್ತಳೆ ಬಣ್ಣದ ಸೂರ್ಯ. ಕೆಳಗೆ ನೀರಿನಲ್ಲಿ ಅದೇ ಬಣ್ಣದ ನಾಲ್ಕಾರು ಗೀಟು. ಚಿತ್ರದ ಎತ್ತರ 48 ಸೆಂಟಿಮೀಟರ್, ಅಗಲ 63. ನಮ್ಮ ಮನೆಯ ಕ್ಯಾಲೆಂಡರಿಗಿಂತ ಬಹಳ ದೊಡ್ಡದೇನಲ್ಲ.

ಇದು ಫ್ರಾನ್ಸಿನ ಲೆ ಹಾವ್ರ್ ಎಂಬ ಬಂದರು ಪಟ್ಟಣ. ಬರೆದದ್ದು ಕ್ಲೋದ್ ಮೋನೆ, 1872ರಲ್ಲಿ. ಹುಟ್ಟಿದ್ದು ಪ್ಯಾರಿಸ್ಸಿನಲ್ಲಾದರೂ ಆತ ಬೆಳೆದದ್ದು ಇದೇ ಊರಿನಲ್ಲಿ. ಹೋಟೆಲಿನ ಕಿಟಕಿಯಿಂದ ಬಂದರನ್ನು ನೋಡುತ್ತಾ ಬರೆದ ಚಿತ್ರ ಇದು. ಅಮೆರಿಕದ ಖಗೋಳ ವಿಜ್ಞಾನಿ ಡೊನಾಲ್ಡ್ ಓಲ್ಸನ್ ಸೂರ್ಯನ ಸ್ಥಾನ, ಸಮುದ್ರದ ಉಬ್ಬರ, ಆ ದಿನಗಳ ಹವಾಮಾನದ ದಾಖಲೆ ಎಲ್ಲವನ್ನೂ ಲೆಕ್ಕ ಹಾಕಿ, ಬಹುಶಃ ಅದು 1872ರ ನವೆಂಬರ್ 13, ಬೆಳಿಗ್ಗೆ 7.35ರ ಸುಮಾರು ಎಂದು 2014ರಲ್ಲಿ ಹೇಳಿದರು. ಕ್ಷಣವೊಂದನ್ನು ಹಿಡಿಯಲು ಹೊರಟವನ ಚಿತ್ರಕ್ಕೆ ಗಡಿಯಾರದ ಸಾಕ್ಷಿಯೂ ಸಿಕ್ಕಿತು!

1874ರ ಏಪ್ರಿಲಿನಲ್ಲಿ ಮೋನೆ ಮತ್ತು ಗೆಳೆಯರು ಪ್ಯಾರಿಸ್ಸಿನಲ್ಲಿ, ಛಾಯಾಗ್ರಾಹಕ ನಾದಾರನ ಹಳೆಯ ಸ್ಟುಡಿಯೋದಲ್ಲಿ, ತಾವೇ ಪ್ರದರ್ಶನ ಏರ್ಪಡಿಸಿದರು. ಪಟ್ಟಿಗೆ ಹೆಸರು ಕೇಳಿದಾಗ, ಇದನ್ನು ಲೆ ಹಾವ್ರಿನ ನೋಟವೆಂದು ಕರೆಯಲಾಗದು ಎನಿಸಿ, 'ಇಂಪ್ರೆಷನ್' ಎಂದು ಹಾಕಿ ಅಂದನಂತೆ. ಮನಸ್ಸಿನ ಮೇಲೆ ಬಿದ್ದ ಅಚ್ಚು ಎನ್ನೋಣ. ಲೂಯಿ ಲೆರ್ವಾ ಎಂಬ ವಿಮರ್ಶಕ ಇದೇ ಮಾತು ಹಿಡಿದು, ಗೋಡೆಗೆ ಅಂಟಿಸುವ ಕಾಗದವಾದರೂ ಇದಕ್ಕಿಂತ ಪೂರ್ತಿಯಾಗಿರುತ್ತದೆ ಎಂಬರ್ಥದಲ್ಲಿ ಗೇಲಿ ಮಾಡಿದ. ಗೇಲಿಯ ಹೆಸರೇ ಇಡೀ ಪಂಥದ ಹೆಸರಾಯಿತು. ಆ ವರ್ಷ 800 ಫ್ರಾಂಕಿಗೆ ಮಾರಾಟವಾದ ಚಿತ್ರ 1878ರ ಹರಾಜಿನಲ್ಲಿ 210ಕ್ಕೆ ಇಳಿಯಿತು.

ಈಗ ನನ್ನದೊಂದು ಕಥೆ. ಬಹಳ ವರ್ಷಗಳ ಹಿಂದೆ, ಮುಂಬಯಿಯ ಮಾಟುಂಗದಲ್ಲಿ, ಗ್ರಂಥಾಲಯದ ಪುಸ್ತಕದಿಂದ ಈ ಚಿತ್ರದ ಪುಟವನ್ನು ಝೆರಾಕ್ಸ್ ಮಾಡಿಸಿದೆ. ಕಪ್ಪು-ಬಿಳುಪು ಪ್ರತಿ. ಕೈಗೆ ಬಂದಾಗ ದೋಣಿ ಇತ್ತು, ನೀರಿತ್ತು. ಸೂರ್ಯ ಮಾತ್ರ ಇರಲಿಲ್ಲ! ಹುಡುಕಿದರೆ ತೀರಾ ಮಸುಕಾದ ಗುರುತು. ಯಂತ್ರ ಕೆಟ್ಟಿದೆ ಎಂದು ಅಂಗಡಿಯವರೊಡನೆ ಜಗಳಕ್ಕೇ ನಿಂತೆ. ಪಾಪ, ಅವರು ಮತ್ತೊಂದು ಪ್ರತಿ ತೆಗೆದರು. ಅದರಲ್ಲೂ ಸೂರ್ಯ ಇಲ್ಲ. ದುಡ್ಡು ಕೊಡದೆ ಬಂದೆ.

ತಪ್ಪು ಯಂತ್ರದ್ದಾಗಿರಲಿಲ್ಲ. ಹಾರ್ವರ್ಡಿನ ನರವಿಜ್ಞಾನಿ ಮಾರ್ಗರೆಟ್ ಲಿವಿಂಗ್‌ಸ್ಟನ್ ಅವರ ವಿವರಣೆ ಓದಿದಾಗ ನನಗೆ ನಾಚಿಕೆಯಾಯಿತು. ಈ ಸೂರ್ಯ ಸುತ್ತಲಿನ ಮಂಜಿಗಿಂತ ಹೆಚ್ಚು ಬೆಳಗುವುದೇ ಇಲ್ಲ. ಬಣ್ಣ ಬೇರೆ, ಬೆಳಕಿನ ಪ್ರಮಾಣ ಹೆಚ್ಚುಕಡಿಮೆ ಒಂದೇ. ಬಣ್ಣ ತೆಗೆದುಬಿಟ್ಟರೆ ಎರಡೂ ಒಂದೇ ಬೂದು. ನಮ್ಮ ಮಿದುಳಿನಲ್ಲಿ ಒಂದು ಭಾಗ ಬೆಳಕು-ನೆರಳನ್ನಷ್ಟೇ ಅಳೆದು ವಸ್ತು ಎಲ್ಲಿದೆ, ಚಲಿಸುತ್ತಿದೆಯೇ ಎಂದು ಗುರುತಿಸುತ್ತದೆ. ಬಣ್ಣ ಅದಕ್ಕೆ ತಿಳಿಯದು. ಬಣ್ಣ ಗುರುತಿಸುವ ಭಾಗ ಬೇರೆ. ಒಂದು 'ಸೂರ್ಯ ಇದೆ' ಎನ್ನುತ್ತದೆ, ಇನ್ನೊಂದು 'ಕಾಣುತ್ತಿಲ್ಲ' ಎನ್ನುತ್ತದೆ. ಈ ಎಳೆದಾಟದಲ್ಲೇ ಸೂರ್ಯ ನಿಂತಲ್ಲಿ ನಿಲ್ಲದೆ ಮಿಡಿದಂತೆ ಕಾಣುತ್ತದೆ.

ನಿಜವಾದ ಆಕಾಶದಲ್ಲಿ ಸೂರ್ಯ ಮಂಜಿಗಿಂತ ಎಷ್ಟೋ ಪಾಲು ಪ್ರಕಾಶಮಾನ. ಬಣ್ಣದ ಟ್ಯೂಬಿನಲ್ಲಿ ಅಷ್ಟು ಬೆಳಕು ಸಿಗುವುದಿಲ್ಲ. ಬಿಳಿ ಬೆರೆಸುತ್ತಾ ಹೋದರೆ ಸೂರ್ಯ ಬೆಳ್ಳಗಾಗಿ ಕಿತ್ತಳೆಯೇ ಸತ್ತುಹೋಗುತ್ತದೆ. ಮೋನೆ ಬೆಳಕಿನ ಆಸೆ ಬಿಟ್ಟು ಬಣ್ಣವನ್ನು ಉಳಿಸಿಕೊಂಡ. ನೀಲಿಯ ಪಕ್ಕದಲ್ಲಿ ಕಿತ್ತಳೆ ಇಟ್ಟರೆ ಎರಡೂ ಒಂದನ್ನೊಂದು ಕೆಣಕುತ್ತವೆ; ಷೆವ್ರಲ್ ಎಂಬ ರಸಾಯನ ವಿಜ್ಞಾನಿ 1839ರಲ್ಲೇ ಇಂಥ ವಿಷಯ ಬರೆದಿದ್ದ. ಮಿದುಳಿನ ಲೆಕ್ಕಾಚಾರ ಮಾತ್ರ ಆಗ ಯಾರಿಗೂ ಗೊತ್ತಿರಲಿಲ್ಲ. ಕಣ್ಣು ನೆಟ್ಟು ನೋಡಿದವನಿಗೆ ಕೈಗೆ ಬಂದದ್ದು ಅದು.

ಆ ಬಂದರಿನ ಸುತ್ತಲ ಹಳೆಯ ಊರು 1944ರ ಸೆಪ್ಟೆಂಬರಿನ ಬಾಂಬ್ ದಾಳಿಯಲ್ಲಿ ನೆಲಸಮವಾಯಿತು. ಚಿತ್ರ ಪ್ಯಾರಿಸ್ಸಿನ ಮಾರ್ಮೊತಾನ್ ಮ್ಯೂಸಿಯಂ ಸೇರಿತ್ತು. ಅಲ್ಲಿಂದ 1985ರಲ್ಲಿ ಕಳುವಾಗಿ, 1990ರಲ್ಲಿ ಕಾರ್ಸಿಕಾ ದ್ವೀಪದಲ್ಲಿ ಸಿಕ್ಕಿ, ಮತ್ತೆ ಅದೇ ಗೋಡೆಗೆ ಬಂತು.

ನಿಮ್ಮ ಮೊಬೈಲಿನಲ್ಲಿ ಈ ಚಿತ್ರ ತೆರೆದು ಬಣ್ಣವನ್ನು ಪೂರ್ತಿ ತೆಗೆದು ನೋಡಿ. ಮಕ್ಕಳಿಗೂ ತೋರಿಸಿ, 'ಸೂರ್ಯ ಎಲ್ಲಿ?' ಎಂದು ಕೇಳಿ. ಮಾಟುಂಗದ ಆ ಅಂಗಡಿ ಈಗ ಇಲ್ಲ. ನನ್ನ ಎರಡು ಪ್ರತಿಯ ದುಡ್ಡು ಬಾಕಿಯಾಗಿಯೇ ಉಳಿದಿದೆ.