ಗಬ್ಬರ್ ಅಲ್ಲ, ಠಾಕೂರ್: ಫೈಟಿಂಗ್ ಗೇಮ್‌ಗೆ ನಮ್ಮ ಕಡೆಯಿಂದ ಯಾರು ಹೋಗಬೇಕು?

ಹೋದ ಸಂಚಿಕೆಯ ಕೊನೆಗೆ ಒಂದು ಪ್ರಶ್ನೆ ಬಿಟ್ಟು ಹೋಗಿದ್ದೆ. ಟೆಕ್ಕನ್, ಮಾರ್ಟಲ್ ಕಾಂಬ್ಯಾಟ್ ಥರದ ಫೈಟಿಂಗ್ ಗೇಮ್‌ಗೆ ನಮ್ಮ ಕಡೆಯಿಂದ ಒಬ್ಬ ಅತಿಥಿ ಪಾತ್ರವನ್ನ ಕಳಿಸೋದಾದ್ರೆ ಯಾರನ್ನ ಕಳಿಸ್ತೀರಿ ಅಂತ. ನಮ್ಮ ಕಡೆ ಅಂದ್ರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. ಜಿಲ್ಲೆ ಹೆಸರು ಹೇಳೋಣ ಅಂದ್ರೆ 2025ರ ಮೇ ತಿಂಗಳಲ್ಲಿ ಅದನ್ನ ಬೆಂಗಳೂರು ದಕ್ಷಿಣ ಮಾಡೋಕೆ ಸಂಪುಟ ಒಪ್ಪಿಗೆ ಕೊಟ್ಟಿದೆ, ನನ್ನ ನಾಲಿಗೆ ಇನ್ನೂ ಹೊರಳ್ತಿಲ್ಲ. ಹಾಗಾಗಿ ಊರಿನ ಹೆಸರೇ ಇರಲಿ.

ಉತ್ತರ ಬಂದಿವೆ. ಮೊದಲು ಗಬ್ಬರ್ ಸಿಂಗ್. ಆಮೇಲೆ ಕೆಂಪೇಗೌಡರು. ಆಮೇಲೆ ಚನ್ನಪಟ್ಟಣದ ಬೊಂಬೆ.

ಗೇಮ್ ಆಡದವರು ಕೇಳ್ತಿದ್ರೆ ಅವರಿಗೆ ಎರಡು ಮಾತು. ಒಂದು ಗೇಮ್‌ನ ಪಾತ್ರ ಇನ್ನೊಂದು ಗೇಮ್‌ಗೆ ಹೋಗಿ ಹೊಡೆದಾಡೋದೇ ಗೆಸ್ಟ್ ಕ್ಯಾರೆಕ್ಟರ್. ಸಿನಿಮಾದಲ್ಲಿ ಅತಿಥಿ ನಟ ಅಂತ ಟೈಟಲ್ ಕಾರ್ಡ್ ಬರುತ್ತಲ್ಲ, ಹಾಗೆ. 2003ರಲ್ಲಿ ಸೋಲ್ ಕ್ಯಾಲಿಬರ್ 2 ಮನೆಯಲ್ಲಿ ಆಡೋ ಮಷೀನ್‌ಗಳಿಗೆ ಬಂದಾಗ ಮೂರು ಮಷೀನ್‌ಗೆ ಮೂವರು ಅತಿಥಿಗಳಿದ್ದರು. ಗೇಮ್‌ಕ್ಯೂಬ್‌ನಲ್ಲಿ ಲಿಂಕ್, ಪ್ಲೇಸ್ಟೇಷನ್‌ನಲ್ಲಿ ಹೈಹಾಚಿ, ಎಕ್ಸ್‌ಬಾಕ್ಸ್‌ನಲ್ಲಿ ಸ್ಪಾನ್. ಯಾರು ಹೆಚ್ಚು ಅಂತ ಹುಡುಗರು ಜಗಳ ಆಡಿದ್ದೇ ಆಡಿದ್ದು.

ನಾನು ಮೊದಲು ಇಂಥ ಆಟ ನೋಡಿದ್ದು ಚನ್ನಪಟ್ಟಣದ ಒಂದು ವಿಡಿಯೋ ಗೇಮ್ ಅಂಗಡಿಯಲ್ಲಿ. ಒಂದು ಮಷೀನ್‌ನಲ್ಲಿ ಮುಸ್ತಫಾ ಆಟ, ಇನ್ನೊಂದರಲ್ಲಿ ಕಿಂಗ್ ಆಫ್ ಫೈಟರ್ಸ್ 97. ಟೆರ್ರಿ, ರ್ಯೋ, ರಾಲ್ಫ್, ಅಥೇನಾ ಎಲ್ಲ ಒಂದೇ ಬೀದಿಯವರು ಅಂದ್ಕೊಂಡಿದ್ದೆ. ಎಷ್ಟೋ ವರ್ಷ ಆದ್ಮೇಲೆ ಗೊತ್ತಾಯ್ತು, ಟೆರ್ರಿ ಫೇಟಲ್ ಫ್ಯೂರಿಯವನು, ರ್ಯೋ ಆರ್ಟ್ ಆಫ್ ಫೈಟಿಂಗ್‌ನವನು, ರಾಲ್ಫ್ ಇಕಾರಿ ವಾರಿಯರ್ಸ್‌ನವನು, ಅಥೇನಾ ಸೈಕೋ ಸೋಲ್ಜರ್‌ನವಳು. ಕಂಪನಿ ಒಂದೇ, ಮನೆ ಬೇರೆ ಬೇರೆ. ಒಂದು ರೂಪಾಯಿ ಹಾಕಿ ಆಡೋ ಹುಡುಗನಿಗೆ ಅದು ಗೊತ್ತಾಗದ ಹಾಗೆ ಸೇರಿಸಿದ್ರು ನೋಡಿ, ಅದನ್ನ ನಾನು ಮೆಚ್ಚೋದು.

ಈಗಿನ ಅತಿಥಿಗಳು ಹಾಗಲ್ಲ, ಹೆಸರು ಹೇಳ್ಕೊಂಡೇ ಬರ್ತಾರೆ. 2025ರಲ್ಲಿ ಬಂದ ಫೇಟಲ್ ಫ್ಯೂರಿ ಸಿಟಿ ಆಫ್ ದ ವುಲ್ವ್ಸ್‌ನಲ್ಲಿ ಕ್ರಿಸ್ಟಿಯಾನೊ ರೊನಾಲ್ಡೊ ಇದ್ದಾನೆ. ಆ ಆಟ ಮಾಡೋ ಎಸ್‌ಎನ್‌ಕೆ ಕಂಪನಿ ಸೌದಿ ಯುವರಾಜರ ಪ್ರತಿಷ್ಠಾನದ ಕೈಯಲ್ಲಿದೆ, ರೊನಾಲ್ಡೊ ಆಡೋದು ಸೌದಿ ಕ್ಲಬ್‌ಗೆ. ಅಭಿಮಾನಿಗಳು ಮೂಗು ಮುರಿದಿದ್ದಕ್ಕೆ ಕಾರಣ ಇತ್ತು. ಚೆಂಡು ಒದೆಯೋದು ಚೆನ್ನಾಗಿದೆ, ಆದ್ರೆ ಆ ಬೀದಿಗೂ ಅವನಿಗೂ ಏನು ಸಂಬಂಧ? ಅದೇ ಟೆಕ್ಕನ್ 7ಕ್ಕೆ ವಾಕಿಂಗ್ ಡೆಡ್‌ನ ನೀಗನ್ ಬರ್ತಾನೆ ಅಂದಾಗ ನಾನೂ ನಕ್ಕಿದ್ದೆ. ಆಡಿ ನೋಡಿದ್ಮೇಲೆ ಬಾಯಿ ಮುಚ್ಚಿಕೊಂಡೆ. ಬ್ಯಾಟನ್ನ ಹೆಗಲ ಮೇಲಿಟ್ಟು ಮೈ ಒಂದು ಕಡೆ ವಾಲಿಸಿ ನಿಲ್ಲೋನು. ಹೆಸರು ಗೊತ್ತಿಲ್ಲದವನಿಗೂ ಇವನ ಹೊಡೆತ ಹೇಗಿರುತ್ತೆ ಅಂತ ಆ ನಿಲುವೇ ಹೇಳುತ್ತೆ.

ನಮ್ಮಲ್ಲೇ ಉದಾಹರಣೆ ಬೇಕಾ? 2023ರ ಜೈಲರ್. ಶಿವಣ್ಣ ತೆರೆ ಮೇಲೆ ಇರೋದು ಕೆಲವೇ ನಿಮಿಷ, ಮಂಡ್ಯದ ನರಸಿಂಹ ಆಗಿ. ಹೆಚ್ಚು ಮಾತೂ ಇಲ್ಲ. ಕೈಯಲ್ಲಿ ಟಿಶ್ಯೂ ಪೇಪರ್ ಡಬ್ಬಿ, ಒಂದು ನಡಿಗೆ, ಒಂದು ನೋಟ. ಕನ್ನಡ ಬರದ ಜನ ಶಿಳ್ಳೆ ಹೊಡೆದ್ರು. ಯಾಕೆ? ರಜನೀಕಾಂತ್ ಥರ ನಡೆಯೋಕೆ ಹೋಗಲಿಲ್ಲ, ತಮ್ಮ ಥರವೇ ನಡೆದ್ರು.

ಆದ್ರೆ ಸಿನಿಮಾದ ಅತಿಥಿಗೂ ಫೈಟಿಂಗ್ ಗೇಮ್‌ನ ಅತಿಥಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಸಿನಿಮಾಗೆ ಬಂದ ಸ್ಟಾರ್ ಒದೆ ತಿನ್ನಲ್ಲ. ಗೇಮ್‌ನಲ್ಲಿ ಅತಿಥಿ ಒದೆ ತಿನ್ನಲೇಬೇಕು. ಆಡೋನ ಬೆರಳು ಸ್ವಲ್ಪ ತಡ ಆದ್ರೆ ಅವನು ನೆಲಕ್ಕೆ ಬೀಳಬೇಕು, ಎದುರಾಳಿ ಪಕ್ಕದಲ್ಲಿ ನಿಂತು ಕುಣೀಬೇಕು. ಇಲ್ಲಿಗೆ ಕೆಂಪೇಗೌಡರ ವಿಷಯ ಮುಗೀತು. ಮಾಗಡಿಯ ಗೆಳೆಯರು ಬೇಜಾರು ಮಾಡ್ಕೋಬೇಡಿ. ವಿಮಾನ ನಿಲ್ದಾಣದಲ್ಲಿ 108 ಅಡಿ ಎತ್ತರಕ್ಕೆ ನಿಂತವರನ್ನ ಯಾರೋ ಹುಡುಗ ಸೋಫಾ ಮೇಲೆ ಕೂತು ಹತ್ತು ಸಲ ಸೋಲಿಸಿದ್ರೆ, ಆ ವಿಡಿಯೋ ವಾಟ್ಸಾಪ್‌ಗೆ ಬಂದ್ರೆ, ಮಾರನೇ ದಿನ ಏನಾಗುತ್ತೆ ಅಂತ ನಿಮಗೇ ಗೊತ್ತು. ಸೋಲೋದನ್ನ ನಾವು ನೋಡೋಕೆ ಆಗದವರನ್ನ ಕಣಕ್ಕೆ ಕರೀಬಾರದು. ಕನಕಪುರದ ಕಡೆಯಿಂದ ಪೂಜಾ ಕುಣಿತದವರ ಹೆಸರು ಬಂದಿತ್ತು. ತಲೆ ಮೇಲೆ ಅಷ್ಟು ಭಾರದ ಪೂಜೆ ಹೊತ್ತು ಕುಣಿಯೋ ಆ ಸಮತೋಲ ಇದೆಯಲ್ಲ, ಗೇಮ್ ಮಾಡೋರಿಗೆ ಚಿನ್ನ. ಆದ್ರೆ ಅದು ದೇವಿಯ ಸೇವೆ. ಪೂಜೆ ಕೆಳಗೆ ಬೀಳೋ ದೃಶ್ಯ ಯಾರಿಗೂ ಬೇಡ.

ಬೊಂಬೆ ಬಗ್ಗೆ ನನಗೆ ಆಸೆ ಜಾಸ್ತಿ, ನಮ್ಮೂರಿನದು ಅಂತ ಮಾತ್ರ ಅಲ್ಲ. ಟೆಕ್ಕನ್ 3ರಲ್ಲೇ ಮೊಕುಜಿನ್ ಅಂತ ಒಬ್ಬ ಇದ್ದಾನೆ, ಮರದ ಬೊಂಬೆ. ಅವನಿಗೆ ಸ್ವಂತ ವರಸೆ ಇಲ್ಲ, ಬೇರೆಯವರ ವರಸೆಯನ್ನ ನಕಲು ಮಾಡ್ತಾನೆ. ಚನ್ನಪಟ್ಟಣದ ಬೊಂಬೆಗೆ ಸ್ವಂತದ್ದು ಇದೆ. ಹಾಲೆ ಮರದ ತುಂಡನ್ನ ಲೇತ್‌ಗೆ ಕಟ್ಟಿ ತಿರುಗಿಸ್ತಾರೆ, ತಿರುಗ್ತಾ ಇರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡೀತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತೆ. ಆಮೇಲೆ ಒಣ ಗರಿಯಿಂದ ಉಜ್ಜಿದ್ರೆ ಹೊಳಪು. ಹುಟ್ಟಿದ್ದೇ ತಿರುಗ್ತಾ, ಬಣ್ಣ ಬಂದಿದ್ದೇ ಬಿಸಿಯಿಂದ. ಬುಗುರಿ ಥರ ಸುತ್ತೋ, ಸುತ್ತಿದಷ್ಟೂ ಬಣ್ಣ ಏರೋ ಒಬ್ಬ ಫೈಟರ್ ಆಗಲೇ ಕಣ್ಮುಂದೆ ಬಂದ್ನಾ? ಸೋತರೂ ಯಾರ ಮನಸ್ಸೂ ನೋಯಲ್ಲ. ಬಿದ್ದು ಎದ್ದೇ ಅಭ್ಯಾಸ ಅದಕ್ಕೆ.

ಆದ್ರೆ ಕಾಗದಕ್ಕೆ ಸಹಿ ಹಾಕೋರು ಯಾರು? ಅತಿಥಿ ಪಾತ್ರ ಅಂದ್ರೆ ಬಾಡಿಗೆ ಒಪ್ಪಂದ. ಒಂದು ಕಡೆ ಗೇಮ್ ಕಂಪನಿ, ಇನ್ನೊಂದು ಕಡೆ ಪಾತ್ರದ ಮಾಲೀಕ. ಬೊಂಬೆಗೆ ಮಾಲೀಕ ಇಲ್ಲ, ಲೇತ್ ಮುಂದೆ ಕೂತ ಸಾವಿರಾರು ಕೈಗಳಿವೆ. ಜಿಐ ಟ್ಯಾಗ್ ಇದೆ ನಿಜ. ಅದು ಅಂಗಡಿಯಲ್ಲಿ ಮಾರೋ ವಸ್ತುವಿನ ಹೆಸರನ್ನ ಕಾಯೋಕೆ. ಪರದೆ ಮೇಲೆ ಸುತ್ತೋ ಪಾತ್ರದ ದುಡ್ಡು ಯಾರ ಮನೆಗೆ ಹೋಗಬೇಕು ಅಂತ ಅದರಲ್ಲಿಲ್ಲ. ಮಾಲೀಕ ಇಲ್ಲದವರನ್ನ ಯಾರೂ ಅತಿಥಿ ಅಂತ ಕರೆಯಲ್ಲ, ಸುಮ್ಮನೆ ಎತ್ಕೊಂಡು ಹೋಗ್ತಾರೆ. 1991ರ ಸ್ಟ್ರೀಟ್ ಫೈಟರ್ 2ರಲ್ಲಿ ಧಾಲ್ಸಿಮ್ ಬಂದ್ನಲ್ಲ, ಕೈಕಾಲು ರಬ್ಬರ್ ಥರ ಎಳೆಯೋ, ಕೊರಳಿಗೆ ಬುರುಡೆ ಮಾಲೆ ಹಾಕಿದ ಯೋಗಿ, ಅವನಿಗಾಗಿ ಭಾರತದಲ್ಲಿ ಯಾರನ್ನ ಕೇಳಿದ್ರು? ಈ ಲೆಕ್ಕದಲ್ಲಿ ಪುಣೆಯ ನಾಡಿಂಗ್ ಹೆಡ್ಸ್‌ನವರು 2020ರಲ್ಲಿ ತಂದ ರಾಜಿ ವಾಸಿ. ತ್ರಿಶೂಲ ಹಿಡಿದು ಜಿಗಿಯೋ ಸರ್ಕಸ್ ಹುಡುಗಿ. ಅವಳನ್ನ ಕರೆಯೋದಾದ್ರೆ ಫೋನ್ ಮಾಡೋಕೆ ಒಂದು ನಂಬರ್ ಇದೆ.

ಒಪ್ಪಂದ ಇದ್ದವರ ಕಥೆಯೂ ಸುಲಭ ಅಲ್ಲ ಅನ್ನಿ. ಮಾರ್ವೆಲ್ ವರ್ಸಸ್ ಕ್ಯಾಪ್ಕಾಮ್ 2 ಲೈಸೆನ್ಸ್ ಮುಗಿದು 2013ರ ಕೊನೆಗೆ ಆನ್‌ಲೈನ್ ಅಂಗಡಿಗಳಿಂದ ಎದ್ದೇ ಹೋಯ್ತು. ವಾಪಸ್ ಬಂದಿದ್ದು 2024ಕ್ಕೆ. ನಡುವೆ ಹತ್ತು ವರ್ಷ ಹೊಸಬರು ದುಡ್ಡು ಕೊಡ್ತೀವಿ ಅಂದ್ರೂ ಅಲ್ಲಿ ಸಿಗ್ತಿರಲಿಲ್ಲ. ಟೆಕ್ಕನ್ 8 ಬಂದಾಗ ನೀಗನ್ ಇರಲಿಲ್ಲ. ಅತಿಥಿ ಮನೆಗೆ ಹೋದ, ಅಷ್ಟೇ.

ಈಗ ಗಬ್ಬರ್‌ಗೆ ಬರೋಣ. ಶೋಲೆ ಚಿತ್ರೀಕರಣ 1973ರಲ್ಲಿ ರಾಮದೇವರ ಬೆಟ್ಟದ ಬುಡದಲ್ಲಿ ಶುರುವಾಯ್ತು, ಬಿಡುಗಡೆ 1975ರ ಆಗಸ್ಟ್ 15. ಬಂಡೆ ಮೇಲೆ ಬೆಲ್ಟ್ ಎಳ್ಕೊಂಡು ನಡೆಯೋ ಆ ಸದ್ದು ಯಾರಿಗೆ ಗೊತ್ತಿಲ್ಲ? ಆದ್ರೆ ಸಿನಿಮಾ ಇನ್ನೊಂದು ಸಲ ನೋಡಿ. ಗಬ್ಬರ್ ಹೊಡೆದಾಡೋದು ಎಷ್ಟು? ಕೂರ್ತಾನೆ, ನಗ್ತಾನೆ, ತಂಬಾಕು ತಿಕ್ತಾನೆ, ಬೇರೆಯವರ ಕೈಲಿ ಮಾಡಿಸ್ತಾನೆ. ಅವನ ಬಲ ಇರೋದು ಭಯದಲ್ಲಿ, ವರಸೆಯಲ್ಲಲ್ಲ.

ನನ್ನ ಓಟು ಠಾಕೂರ್‌ಗೆ. ಸಂಜೀವ್ ಕುಮಾರ್ ಮಾಡಿದ ಠಾಕೂರ್. ಎರಡೂ ಕೈ ಇಲ್ಲ, ಹೆಗಲ ಮೇಲೆ ಶಾಲು, ಕೊನೇ ಹೊಡೆದಾಟ ಪೂರ್ತಿ ಕಾಲಲ್ಲಿ, ಮೊಳೆ ಬಡಿದ ಜೋಡು ಹಾಕ್ಕೊಂಡು. ಇದನ್ನ ಟೆಕ್ಕನ್ ಮುಂದೆ ಇಟ್ಟು ನೋಡಿ. ಟೆಕ್ಕನ್‌ನಲ್ಲಿ ಹೊಡೆತಕ್ಕೆ ನಾಲ್ಕು ಬಟನ್. ಎಡಗೈಗೆ ಒಂದು, ಬಲಗೈಗೆ ಒಂದು, ಎಡಗಾಲಿಗೆ ಒಂದು, ಬಲಗಾಲಿಗೆ ಒಂದು. ಆ ಆಟದ ವ್ಯಾಕರಣವೇ ಅದು. ಅದರೊಳಗೆ ಎರಡು ಬಟನ್ ಕಿತ್ತುಕೊಂಡ ಮನುಷ್ಯನೊಬ್ಬ ಬರ್ತಾನೆ. ಅವನನ್ನ ಆರಿಸ್ಕೊಂಡ ಹುಡುಗನಿಗೆ ಯಾರೂ ಕಥೆ ಹೇಳಬೇಕಾಗಿಲ್ಲ. ಅಭ್ಯಾಸ ಬಲದಿಂದ ಹೆಬ್ಬೆರಳು ಕೈ ಬಟನ್‌ಗೆ ಹೋಗುತ್ತೆ, ಏನೂ ಆಗಲ್ಲ, ಒದೆ ಬೀಳುತ್ತೆ. ಐದು ನಿಮಿಷದಲ್ಲಿ ಶೋಲೆ ಅರ್ಥ ಆಗುತ್ತೆ.

ಇನ್ನೊಂದು ಇದೆ. ಮೊದಲು ಚಿತ್ರೀಕರಿಸಿದ ಕೊನೆಯಲ್ಲಿ ಠಾಕೂರ್ ಗಬ್ಬರ್‌ನನ್ನ ಕೊಲ್ತಾನೆ. ತುರ್ತು ಪರಿಸ್ಥಿತಿಯ ಕಾಲ, ಸೆನ್ಸಾರ್ ಒಪ್ಪಲಿಲ್ಲ, ಪೊಲೀಸರನ್ನ ತಂದು ತಡೆಸಿದ್ರು. ಆ ಹಳೇ ಕೊನೆಯ ಜೊತೆ ಪುನರುಜ್ಜೀವನಗೊಳಿಸಿದ ಪ್ರತಿ 2025ರ ಜೂನ್‌ನಲ್ಲಿ ಇಟಲಿಯ ಬೊಲೊನ್ಯಾದಲ್ಲಿ ತೆರೆ ಕಂಡಿತು. ಗೇಮ್‌ನಲ್ಲಿ ಪ್ರತಿ ಮ್ಯಾಚ್‌ನ ಕೊನೆ ಆಡೋನ ಕೈಲೇ ಇರುತ್ತೆ, ಅಲ್ಲಿಗೆ ಪೊಲೀಸರು ಬರಲ್ಲ.

ಒಂದು ಷರತ್ತು ಮಾತ್ರ ನನ್ನದು. ಠಾಕೂರ್ ಹೋದ್ರೆ ಜೊತೆಗೆ ಹೊಡೆದಾಡೋ ಜಾಗವೂ ಹೋಗುತ್ತೆ, ಆ ಬಂಡೆಗಳು, ಮೇಲೆ ಹಾರೋ ರಣಹದ್ದು. ಅದರ ಕೆಳಗೆ ರಾಮ್‌ಗಢ ಅಂತ ಬರೀತಾರೆ, ಖಂಡಿತ. ರಾಮ್‌ಗಢ ಒಂದು ಸೆಟ್, ಕಟ್ಟಿದ್ರು, ಬಿಚ್ಚಿದ್ರು. ಬೆಟ್ಟ ಇನ್ನೂ ಇದೆ. ರಾಮದೇವರ ಬೆಟ್ಟ, ರಾಮನಗರ ಅಂತಲೇ ಬರೀಬೇಕು, ಕನ್ನಡದಲ್ಲಿ.

ನಮ್ಮ ಅಕ್ಕನ ಮಗನಿಗೆ ಇದೆಲ್ಲ ಹೇಳಿದೆ. ಜಾಗದ ಹೆಸರು ಸರಿ ಮಾವ, ಆದ್ರೆ ಖಾಲಿ ಬಟನ್ ಇರೋ ಫೈಟರ್‌ನ ಯಾರೂ ದುಡ್ಡು ಕೊಟ್ಟು ತಗೊಳ್ಳಲ್ಲ, ಅಲ್ಲಿಗೆ ಶಾಲಿನ ಹೊಡೆತ ಕೊಡ್ಲಿ ಅಂದ. ನಾನು ಬೇಡ ಅಂದೆ. ಒತ್ತಿದ್ರೆ ಶಾಲು ಸ್ವಲ್ಪ ಅಲುಗಾಡಲಿ, ಅಷ್ಟು ಸಾಕು. ಇಬ್ಬರಿಗೂ ಇನ್ನೂ ಇತ್ಯರ್ಥ ಆಗಿಲ್ಲ. ನೀವು ಯಾರ ಕಡೆ ಅಂತ ಬರೆದು ಕಳಿಸಿ, ಮುಂದಿನ ವಾರ ಓದ್ತೀನಿ.